ಕಣ್ಣಿಗೆ ಕಾಣದ ಕೆರೆ

ಮುಳಬಾಗಿಲಿನಿಂದ ಕೆಲವು ಮೈಲಿ ದೂರದ ಹಳ್ಳಿಯೊಂದರಲ್ಲಿ, ಬೇಸಗೆಯ ಒಂದು ರಾತ್ರಿ, ಕೊಳವೆ ಬಾವಿ ಕೊರೆಯುವುದನ್ನು ನೋಡುತ್ತ ನಿಂತಿದ್ದೆ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಲಾರಿ ಹೊಲದ ನಡುವೆ ನಿಂತು ಗರ್ಜಿಸುತ್ತಿತ್ತು. ಇಪ್ಪತ್ತು ಅಡಿಯ ಉಕ್ಕಿನ ರಾಡುಗಳು ಒಂದಾದಮೇಲೊಂದು ನೆಲದೊಳಕ್ಕೆ ಇಳಿಯುತ್ತಿದ್ದುವು. ಬಾವಿಯ ಬಾಯಿಂದ ಬೂದಿಯಂಥ ಕಲ್ಲುಪುಡಿ ಎದ್ದು, ದೀಪದ ಬೆಳಕಿನಲ್ಲಿ ಮೋಡವಾಗಿ ಕವಿದು, ನಿಂತವರ ತಲೆಗೂದಲ ಮೇಲೆಯೂ ಪಕ್ಕದ ಹಿಪ್ಪುನೇರಳೆಯ ಎಲೆಗಳ ಮೇಲೆಯೂ ಕುಳಿತುಕೊಳ್ಳುತ್ತಿತ್ತು. ಹೊಲದ ಯಜಮಾನರು ಇಳಿದ ರಾಡುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಅಡಿಗೆ ಇಷ್ಟೆಂದು ಹಣ ತೆರಬೇಕಾದವರು ಅವರೇ ಅಲ್ಲವೆ? ಎಂಟುನೂರು ಅಡಿ ಕಳೆಯಿತು. ಯಂತ್ರದ ಹುಡುಗ ಹೊರಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಹಿಸುಕಿ ನೋಡಿದ. ಅದು ಉಂಡೆ ಕಟ್ಟಲಿಲ್ಲ. “ಬರೀ ಧೂಳು ಸ್ವಾಮಿ,” ಎಂದರು ಯಜಮಾನರು ನನ್ನ ಕಡೆ ತಿರುಗಿ, “ಇನ್ನೂ ಇನ್ನೂರು ಅಡಿ ಹಾಕಿಸಿಬಿಡ್ತೀನಿ. ಪಾಯಿಂಟ್ ನೋಡ್ದೋರು ಸಾವಿರದೊಳಗೇ ಅಂದವ್ರೆ.” ಅದು ಆ ಹೊಲದ ಐದನೆಯ ಬಾವಿ. ಮೊದಲಿನ ನಾಲ್ಕೂ ಬಾಯಿಗೆ ಚಪ್ಪಡಿ ಹೊದ್ದುಕೊಂಡು ಅಲ್ಲಲ್ಲೇ ಮಲಗಿದ್ದುವು.

ಮನುಷ್ಯನು ಭೂಮಿಯ ಮೇಲೆ ಹೊರಿಸುತ್ತಿರುವ ಭಾರವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಹೊಗೆಯುಗುಳುವ ಕೊಳವೆಗಳನ್ನೂ ಕಡಿದುರುಳಿದ ಕಾಡುಗಳನ್ನೂ ಕಣ್ಣೆದುರಿಗೆ ತಂದುಕೊಳ್ಳುತ್ತೇವೆ. ಆದರೆ ಆ ರಾತ್ರಿಯ ಧೂಳಿನಲ್ಲಿ ನಾನು ಕಂಡ ಕೃತ್ಯವೂ ಅದೇ ಭಾರದ ಒಂದು ಅಂಶವೆಂಬುದನ್ನು ವಿಜ್ಞಾನಿಗಳು ಅತ್ಯಂತ ವಿಸ್ಮಯಕರವಾದ ರೀತಿಯಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. 1993ರಿಂದ 2010ರವರೆಗೆ ಜಗತ್ತಿನಾದ್ಯಂತ ನೆಲದಡಿಯಿಂದ ಎತ್ತಿದ ನೀರು ಸುಮಾರು 2,150 ಘನ ಕಿಲೋಮೀಟರ್ ಎಂದೂ, ಅದರಲ್ಲಿ ಬಹುಪಾಲು ಕಟ್ಟಕಡೆಗೆ ಸಮುದ್ರವನ್ನು ಸೇರಿ ಅದರ ಮಟ್ಟವನ್ನು ಆರು ಮಿಲಿಮೀಟರಿಗೂ ಹೆಚ್ಚಾಗಿ ಏರಿಸಿತೆಂದೂ, ಹೀಗೆ ಭಾರವು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದುದರಿಂದ ಭೂಮಿಯು ತಿರುಗುವ ಅಕ್ಷವೇ ಸುಮಾರು 80 ಸೆಂಟಿಮೀಟರಿನಷ್ಟು ಪೂರ್ವಕ್ಕೆ ವಾಲಿತೆಂದೂ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಈ ಓಲಾಟದಲ್ಲಿ ಅತಿ ಹೆಚ್ಚಿನ ಪಾತ್ರ ವಹಿಸಿದ ಎರಡು ಪ್ರದೇಶಗಳಲ್ಲಿ ನಮ್ಮ ದೇಶದ ವಾಯವ್ಯ ಭಾಗವೂ ಒಂದು. ಮನುಷ್ಯಜಾತಿ ತನ್ನ ಬಾಯಾರಿಕೆಯಿಂದ ಭೂಗೋಲದ ಧ್ರುವವನ್ನು ಅಲುಗಿಸಿತೆಂಬುದನ್ನು ಓದಿದಾಗ, ರಾಡುಗಳನ್ನು ಎಣಿಸುತ್ತಿದ್ದ ಆ ಬೆರಳುಗಳು ನನ್ನ ನೆನಪಿಗೆ ಬಂದುವು. ಆ ಬೆರಳುಗಳಿಗೂ ಧ್ರುವಕ್ಕೂ ನಡುವೆ ಇರುವ ದೂರವೇ ಈ ಕಾಲದ ಪರಿಸರ ಸಮಸ್ಯೆಯ ತಿರುಳು ಎಂಬುದು ನನ್ನ ಎಣಿಕೆ.

ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಬೀಳುವ ಮಳೆಯೋ 700 ಮಿಲಿಮೀಟರಿನ ಆಸುಪಾಸು. ಆದಕಾರಣ ಅಲ್ಲಿಯ ಪೂರ್ವಿಕರು ಬಿದ್ದ ನೀರನ್ನು ತಡೆದು ಕೆರೆ ಕಟ್ಟಿದರು, ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಇಳಿಯುವಂತೆ ಸರಪಳಿಯಾಗಿ ಕಟ್ಟಿದರು. ಕೆರೆಗಳ ಸಂಖ್ಯೆಯಲ್ಲಿ ರಾಜ್ಯದ ಇತರ ಜಿಲ್ಲೆಗಳಿಗಿಂತ ಮುಂದಿದ್ದ ಸೀಮೆ ಅದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಶಬ್ದಗಳು ಅಲ್ಲಿಯ ಜನಕ್ಕೆ ಮನೆಯ ಬಾಗಿಲು ಕಿಟಕಿಗಳಷ್ಟೇ ಪರಿಚಿತವಾಗಿದ್ದುವು. ಕೆರೆ ಕಟ್ಟಿಸಿದವನಿಗೂ ದುರಸ್ತಿ ನೋಡಿಕೊಂಡವನಿಗೂ ಬಿಟ್ಟುಕೊಟ್ಟ ಭೂಮಿಯ ಸಂಗತಿ ದಶವಂದ, ಬಿತ್ತುವಟ, ಕಟ್ಟುಕೊಡಗೆ ಎಂಬ ಹೆಸರುಗಳಲ್ಲಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸಿ ಹಾಯಿಸುತ್ತಿದ್ದವನು ನೀರುಗಂಟಿ. ಕೆರೆಯಲ್ಲಿ ನೀರು ಅರ್ಧಕ್ಕಿಳಿದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತವೋ ರಾಗಿಯೋ ಎಂಬುದು ಏರಿಯ ಮೇಲೆ ಕುಳಿತವರ ಕಣ್ಣಳತೆಯಿಂದಲೇ ತೀರ್ಮಾನವಾಗುತ್ತಿತ್ತು.

ಈ ಚಿತ್ರವನ್ನು ಚಿನ್ನದ ಚೌಕಟ್ಟಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ನೀರುಗಂಟಿಯ ಕೆಲಸ ಹೆಚ್ಚಿನ ಊರುಗಳಲ್ಲಿ ದಲಿತ ಕುಟುಂಬದ ಪಾಲಿಗೆ ಬಂದಿತ್ತು. ಅವನು ಕಾವಲು ಕಾಯುತ್ತಿದ್ದ ನೀರು ಹರಿಯುತ್ತಿದ್ದುದು ಬಹುತೇಕ ಇತರರ ಗದ್ದೆಗಳಿಗೆ, ಮತ್ತು ಅದೇ ಊರಿನ ಸೇದುವ ಬಾವಿಯ ಬಳಿಗೆ ಅವನ ಮನೆಯ ಹೆಂಗಸರು ಸುಳಿಯುವಂತಿರಲಿಲ್ಲ. ನಮ್ಮ ಹಿರಿಯರು ನಮಗಿಂತ ಹೆಚ್ಚು ಧರ್ಮಾತ್ಮರಾಗಿದ್ದರೆಂದು ನಾನು ನಂಬುವುದಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿಗಳು: ಕೆರೆ ಕಣ್ಣಿಗೆ ಕಾಣುತ್ತಿತ್ತು, ಮತ್ತು ನೀರೆತ್ತುವ ಸಾಧನಕ್ಕೆ ತನ್ನದೇ ಆದ ಎಲ್ಲೆಯಿತ್ತು. ತೆರೆದ ಬಾವಿಯಿಂದ ಕಪಿಲೆ ಹೊಡೆಯುವವನು ತನ್ನ ಜೋಡಿ ಎತ್ತುಗಳನ್ನು ಇಳಿಜಾರಿನಲ್ಲಿ ಮುಂದಕ್ಕೂ ಹಿಂದಕ್ಕೂ ನಡೆಸಿ ಚರ್ಮದ ಚೀಲವನ್ನು ಮೇಲಕ್ಕೆಳೆಯುತ್ತಿದ್ದನಷ್ಟೆ. ಮಧ್ಯಾಹ್ನದ ಹೊತ್ತಿಗೆ ಎತ್ತುಗಳ ಬಾಯಲ್ಲಿ ನೊರೆ ಬಂದರೆ ಅಂದಿನ ನೀರಾವರಿ ಮುಗಿದಂತೆಯೇ. ಹಗ್ಗದ ಉದ್ದವೇ ಬಾವಿಯ ಆಳಕ್ಕೆ ಕಟ್ಟಳೆ. ಎತ್ತಿನ ಉಸಿರೇ ಆಸೆಗೆ ಕಟ್ಟಳೆ. ಸಂಯಮವು ಮನುಷ್ಯನ ಮನಸ್ಸಿನಲ್ಲಿ ಇರಬೇಕಾದ ಅಗತ್ಯವಿರಲಿಲ್ಲ, ಅದು ಹಗ್ಗದಲ್ಲಿಯೇ ಇತ್ತು.

ವಿದ್ಯುತ್ ಪಂಪು ಬಂದು ಆ ಹಗ್ಗವನ್ನು ಕತ್ತರಿಸಿತು. ಮೇಲಿನ ಶಿಥಿಲ ಶಿಲೆಯ ಪದರದಲ್ಲಿ ವರ್ಷವರ್ಷವೂ ಮಳೆಯಿಂದ ತುಂಬಿಕೊಳ್ಳುತ್ತಿದ್ದ ನೀರು ಮುಗಿದ ಮೇಲೆ, ಅದರ ಕೆಳಗಿನ ಗಟ್ಟಿ ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲದಿಂದ ತೊಟ್ಟುತೊಟ್ಟಾಗಿ ಶೇಖರವಾಗಿದ್ದ ನೀರಿಗೆ ಕೈಹಾಕಲಾಯಿತು. ಆಳಕ್ಕಿಳಿದಷ್ಟೂ ಫ್ಲೋರೈಡ್ ಹೆಚ್ಚಿ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳೂ ಮುದುಕರ ಮೊಣಕಾಲಿನಲ್ಲಿ ಬಿಗಿತವೂ ಕಾಣಿಸಿಕೊಂಡುವು. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ 2008ರಿಂದ ವಿದ್ಯುತ್ತೂ ಉಚಿತವಾಯಿತು. ಇನ್ನು ಕಾನೂನಿನ ಮಾತು: ನೆಲದಡಿಯಲ್ಲಿ ಗೊತ್ತಾದ ಕಾಲುವೆಯಾಗಿ ಹರಿಯದ ನೀರನ್ನು ತನ್ನ ಭೂಮಿಯ ಎಲ್ಲೆಯೊಳಗೆ ಸಂಗ್ರಹಿಸಿ ವಿನಿಯೋಗಿಸುವ ಹಕ್ಕು ಆ ಭೂಮಿಯ ಒಡೆಯನದೆಂದು 1882ರ ಅನುಭೋಗದ ಹಕ್ಕುಗಳ ಕಾಯಿದೆ ಹೇಳಿತು. ನೆಲದಡಿಯ ನೀರಿನ ಹಾದಿಯನ್ನು ಅರಿಯುವುದಕ್ಕೆ ಸಾಧ್ಯವೇ ಇಲ್ಲವೆಂದು ನ್ಯಾಯಾಧೀಶರು ಭಾವಿಸಿದ್ದ ಕಾಲದ ಶಾಸನವದು. ಕಾಣದ್ದನ್ನು ಹಂಚುವುದೆಂತು, ಆದುದರಿಂದ ಸಿಕ್ಕವನಿಗೆ ಸೇರಲಿ ಎಂಬುದೇ ಅದರ ಹಿಂದಿನ ತರ್ಕ. ಕೊಳವೆ ಬಾವಿಗಳನ್ನು ನೋಂದಾಯಿಸಿ ನಿಯಂತ್ರಿಸುವ ಕಾಯಿದೆಯೊಂದು ಕರ್ನಾಟಕದಲ್ಲಿ 2011ರಿಂದ ಇದೆಯಾದರೂ, ಹಳ್ಳಿಯ ಜನದ ಮನಸ್ಸಿನಲ್ಲಿ ಇಂದಿಗೂ ಆಳುತ್ತಿರುವುದು 1882ರ ಭಾವನೆಯೇ.

ಇಷ್ಟನ್ನು ಹೇಳಿದಮೇಲೆ ವಾಯುಮಂಡಲದ ವಿಚಾರವನ್ನು ಬಹಳ ವಿಸ್ತರಿಸಬೇಕಾದುದಿಲ್ಲ, ಏಕೆಂದರೆ ಅದೂ ಇಂಥದೇ ಒಂದು ಕಾಣದ ಕೆರೆ. ಒಂದರಿಂದ ಎತ್ತುತ್ತೇವೆ, ಇನ್ನೊಂದಕ್ಕೆ ಸುರಿಯುತ್ತೇವೆ, ವ್ಯತ್ಯಾಸ ಅಷ್ಟೆ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲಾರಂಭಿಸಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲಿತ್ತು. ಕೈಗಾರಿಕೆಗಳು ಹುಟ್ಟುವ ಮೊದಲು 280ರಷ್ಟಿದ್ದ ಅದು ಈಗ 420ನ್ನು ದಾಟಿದೆ. ಅಲ್ಲಿಯೂ ಸುರಿಯುವವನ ಕಣ್ಣಿಗೆ ಮಟ್ಟ ಏರುವುದು ಕಾಣಿಸದು, ಕೆಡುಕು ತಟ್ಟುವುದೋ ದೂರದ ಇನ್ನೊಬ್ಬನಿಗೆ, ಕೆಲವೊಮ್ಮೆ ಇನ್ನೂ ಹುಟ್ಟದವನಿಗೆ.

ಕಾಣದ್ದು ಕಾಣದೆಯೇ ಉಳಿದಿದ್ದರೆ ನಾವು ಕ್ಷಮಾರ್ಹರಾಗುತ್ತಿದ್ದೆವೇನೋ. ಆದರೆ 2002ರಲ್ಲಿ ಅಮೆರಿಕ ಮತ್ತು ಜರ್ಮನಿಗಳು ಕೂಡಿ ಆಕಾಶಕ್ಕೆ ಕಳುಹಿಸಿದ ಗ್ರೇಸ್ ಎಂಬ ಅವಳಿ ಉಪಗ್ರಹಗಳು, ಒಂದರಿಂದೊಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಹಿಂದುಮುಂದಾಗಿ ಚಲಿಸುತ್ತ, ಕೆಳಗಿನ ನೆಲದ ಗುರುತ್ವಾಕರ್ಷಣೆಯಲ್ಲಿ ಆಗುವ ಅತಿಸೂಕ್ಷ್ಮ ಏರಿಳಿತದಿಂದ ತಮ್ಮ ನಡುವಣ ದೂರ ಹಿಗ್ಗುವುದನ್ನೂ ಕುಗ್ಗುವುದನ್ನೂ ಅಳೆದು, ನೆಲದಡಿಯ ನೀರನ್ನು ತಕ್ಕಡಿಯಲ್ಲಿಟ್ಟಂತೆ ತೂಗಿಬಿಟ್ಟುವು. ಆ ತೂಕದ ಪ್ರಕಾರ 2002ರಿಂದ 2008ರವರೆಗಿನ ಆರು ವರ್ಷಗಳಲ್ಲಿ ರಾಜಸ್ಥಾನ, ಪಂಜಾಬ್, ಹರಿಯಾಣಗಳ ಪ್ರದೇಶ ಕಳೆದುಕೊಂಡ ಅಂತರ್ಜಲ 109 ಘನ ಕಿಲೋಮೀಟರ್. ಸಂಖ್ಯೆ ಮನಸ್ಸಿಗೆ ಹತ್ತದಿದ್ದರೆ ಹೀಗೆ ಎಣಿಸಬಹುದು: ತುಂಬಿ ತುಳುಕುವ ನಮ್ಮ ಕನ್ನಂಬಾಡಿಯ ಜಲಾಶಯಗಳು ಎಪ್ಪತ್ತೈದಕ್ಕೂ ಮಿಗಿಲಾಗಿ ಅಲ್ಲಿ ಬರಿದಾದುವು, ಮತ್ತು ಅದಕ್ಕಾಗಿ ಯಾರೊಬ್ಬರೂ ಏರಿಯ ಮೇಲೆ ನಿಂತು ಮರುಗಲಿಲ್ಲ, ಏಕೆಂದರೆ ಅಲ್ಲಿ ಏರಿಯೇ ಇರಲಿಲ್ಲ.

ಆದುದರಿಂದ ಈಗ ಕೊರತೆ ಜ್ಞಾನದ್ದಲ್ಲ. ಜ್ಞಾನವು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಉಪಗ್ರಹದ ಲೆಕ್ಕ ವಿಜ್ಞಾನ ಪತ್ರಿಕೆಯಲ್ಲಿದೆ, ಪಂಪಿನ ಗುಂಡಿ ರೈತನ ಕೈಯಲ್ಲಿದೆ. ಇವೆರಡೂ ಒಂದೆಡೆ ಕೂಡುವ ಜಾಗವೊಂದನ್ನು ನಾವು ಕಟ್ಟಿಲ್ಲ. ಅದು ಅಸಾಧ್ಯವೆಂದು ವಾದಿಸಿದವರುಂಟು. ಎಲ್ಲರಿಗೂ ಸೇರಿದ ಸೊತ್ತನ್ನು ಎಲ್ಲರೂ ಕೂಡಿಯೇ ಹಾಳುಮಾಡುತ್ತಾರೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಬಂಧ ಜಗತ್ಪ್ರಸಿದ್ಧವಾಯಿತು. ಅದಕ್ಕೆ ಮೂರು ವರ್ಷ ಮೊದಲೇ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ ತಮ್ಮ ಡಾಕ್ಟರೇಟಿಗಾಗಿ ಒಂದು ಅಂತರ್ಜಲದ ಕಥೆಯನ್ನೇ ಆರಿಸಿಕೊಂಡು ಬರೆದಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆ ಅವರು. ಲಾಸ್ ಏಂಜಲೀಸಿನ ಬಳಿಯ ವೆಸ್ಟ್ ಬೇಸಿನ್ ಎಂಬಲ್ಲಿ ಮಿತಿಮೀರಿ ನೀರೆತ್ತಿದ್ದರಿಂದ ಸಮುದ್ರದ ಉಪ್ಪುನೀರು ಬಾವಿಗಳ ಕಡೆಗೆ ನುಗ್ಗತೊಡಗಿದಾಗ, ಪರಸ್ಪರ ವ್ಯಾಜ್ಯ ಹೂಡಿದ್ದ ಬಾವಿಗಳ ಒಡೆಯರೇ ಒಂದೆಡೆ ಕುಳಿತು, ಪ್ರತಿಯೊಬ್ಬನೂ ಇಷ್ಟಿಷ್ಟು ಕಡಿಮೆ ಎತ್ತತಕ್ಕದ್ದೆಂದು ಒಪ್ಪಿಕೊಂಡರು. ಯಾರು ಎಷ್ಟು ಎತ್ತಿದರೆಂಬುದನ್ನು ಅಳೆದು ಎಲ್ಲರಿಗೂ ವರದಿ ಒಪ್ಪಿಸುವುದಕ್ಕೆ ಅಲ್ಲೊಂದು ಅಧಿಕಾರಸ್ಥಾನ ನೇಮಕವಾಯಿತು. ಅದರ ಹೆಸರು ವಾಟರ್‌ಮಾಸ್ಟರ್. ನನ್ನ ಮಟ್ಟಿಗೆ ಅದರ ಕನ್ನಡ ನೀರುಗಂಟಿ ಎಂದೇ. ನೆರೆಯವನೂ ತನ್ನಷ್ಟೇ ತಡೆದುಕೊಂಡಿದ್ದಾನೆಂಬ ನಂಬಿಕೆ ಹುಟ್ಟದೆ ಯಾರೂ ಪಂಪು ನಿಲ್ಲಿಸಲಾರರು. ಆ ನಂಬಿಕೆ ಉಪದೇಶದಿಂದ ಬಂದುದಲ್ಲ, ಅಳತೆಯಿಂದ ಬಂದುದು.

ಇದೇ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ. ಆದರೆ ಅಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕಾಗಿದೆ. ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೆಳುವಾಗಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ ಎರಡೇ ವರ್ಷಕ್ಕೆ, ಅದನ್ನು ತೆಳುವಾಗಿಸುವ ರಾಸಾಯನಿಕಗಳನ್ನು ಕೈಬಿಡುವ ಮಾಂಟ್ರಿಯಲ್ ಒಪ್ಪಂದವಾಯಿತು, ಕಾಲಕ್ರಮದಲ್ಲಿ ಜಗತ್ತಿನ ರಾಷ್ಟ್ರಗಳೆಲ್ಲ ಅದಕ್ಕೆ ಸಹಿ ಹಾಕಿದುವು, ಪದರವು ಮೆಲ್ಲಮೆಲ್ಲನೆ ಗುಣಹೊಂದುತ್ತಿದೆ. ಆದರೆ ಭಾರತ ಮೊದಲಿಗೆ ಹೊರಗೆ ನಿಂತಿತ್ತು. ತೂತು ಕೊರೆದವರು ಶ್ರೀಮಂತ ದೇಶದವರು, ಬದಲಿ ರಾಸಾಯನಿಕದ ಖರ್ಚನ್ನು ಬಡ ದೇಶಗಳೇಕೆ ಹೊರಬೇಕೆಂಬುದು ನಮ್ಮ ವಾದ. 1990ರಲ್ಲಿ ಅದಕ್ಕೊಂದು ನಿಧಿ ಏರ್ಪಟ್ಟ ಮೇಲೆಯೇ, 1992ರಲ್ಲಿ, ನಾವು ಒಳಗೆ ಬಂದುದು. ಆ ವಾದ ನ್ಯಾಯವಾದದ್ದೆಂದು ನಾನು ಇಂದಿಗೂ ತಿಳಿಯುತ್ತೇನೆ. ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಒಬ್ಬ ಅಮೆರಿಕನ್ನನ ಪಾಲಿಗೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುವ ಜಗತ್ತಿನಲ್ಲಿ, ‘ಮನುಷ್ಯಜಾತಿ’ ಎಂಬ ಒಂದೇ ಶಬ್ದವನ್ನು ಎಲ್ಲರ ಮೇಲೂ ಸಮನಾಗಿ ಹೊದಿಸಿ ದೂರುವುದು ಸತ್ಯಕ್ಕೆ ದೂರವಾದ ಮಾತು. ಅದೇ ನ್ಯಾಯವನ್ನು ನಾವು ನಮ್ಮೊಳಗೂ ಪಾಲಿಸಬೇಕಲ್ಲವೆ? ಕೋಲಾರದ ರೈತನು ಸಾವಿರ ಅಡಿಯಿಂದ ಎತ್ತಿದ ನೀರು ಟೊಮೆಟೊ ಆಗಿ, ಹಾಲಾಗಿ, ರೇಷ್ಮೆಯ ಗೂಡಾಗಿ ಆ ಸೀಮೆಯನ್ನು ಬಿಟ್ಟು ಹೊರಡುತ್ತದೆ; ಅದರ ಬಹುಪಾಲನ್ನು ಉಣ್ಣುವವರೂ ಉಡುವವರೂ ನಗರಗಳಲ್ಲಿರುವ ನಾವು. ಸಾಲದ ಪತ್ರಕ್ಕೆ ಸಹಿ ಅವನದು, ಊಟ ನಮ್ಮದು.

2018ರಿಂದ ಬೆಂಗಳೂರು ತಾನು ಬಳಸಿಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೊಳವೆಗಳಲ್ಲಿ ಕೋಲಾರದ ಕೆರೆಗಳಿಗೆ ಕಳುಹಿಸುತ್ತಿದೆ. ನೂರು ಕಿಲೋಮೀಟರ್ ಆಚೆಯಿಂದ ಎತ್ತರಕ್ಕೇರಿಸಿ ತಂದ ಕಾವೇರಿ ಹೀಗೆ ತನ್ನ ಸೀಮೆಯಲ್ಲದ ಕೆರೆಗಳಲ್ಲಿ ತುಂಬಿ ನಿಂತಿದೆ. ಸುತ್ತಲ ಬಾವಿಗಳಲ್ಲಿ ಮಟ್ಟ ಮೇಲೇರಿದೆ. ಆ ನೀರಿಗೆ ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿಯ ಜನ ಕೇಳುತ್ತಿರುವುದು ಪೂರ್ತಿ ಯುಕ್ತವಾದ ಬೇಡಿಕೆ, ಅದನ್ನು ಈಡೇರಿಸದೆ ನಗರವು ತನ್ನ ಋಣ ತೀರಿತೆಂದು ಹೇಳಿಕೊಳ್ಳಲಾಗದು. ಆದರೂ ನನ್ನನ್ನು ಹೆಚ್ಚಾಗಿ ಕಾಡುವ ಆತಂಕ ಬೇರೆ. ಮೇಲಿನಿಂದ ತುಂಬುವುದು ಎಷ್ಟೇ ಹೆಚ್ಚಿದರೂ, ಕೆಳಗಿನಿಂದ ಎತ್ತುವುದಕ್ಕೆ ಕಟ್ಟಳೆ ಇಲ್ಲದ ಕಡೆ, ಮಟ್ಟ ಏರಿದೆಯೆಂಬ ಸುದ್ದಿ ಹಬ್ಬಿದೊಡನೆ ತಿರುಚೆಂಗೋಡಿನ ಲಾರಿಗಳು ಮತ್ತೆ ಬಂದು ನಿಲ್ಲುವುವು.

ಅನಂತಪುರವೂ ಕೋಲಾರಕ್ಕೆ ಅಂಟಿಕೊಂಡಂತಿರುವ ಚಿತ್ತೂರೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಒಂದು ಪ್ರಯತ್ನ ನಡೆಯಿತು. ರೈತರೇ ಮಳೆಮಾಪಕವನ್ನು ನೋಡಿ, ಆಯ್ದ ಬಾವಿಗಳಿಗೆ ಅಳತೆಯ ದಾರ ಇಳಿಬಿಟ್ಟು, ಬಂದ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಊರಿನ ಫಲಕದ ಮೇಲೆ ಬರೆದರು; ಹಿಂಗಾರಿನ ಬಿತ್ತನೆಗೆ ಮೊದಲು ಸಭೆ ಸೇರಿ, ಇರುವ ನೀರೆಷ್ಟು, ಬಿತ್ತಬೇಕೆಂದಿರುವ ಬೆಳೆಗಳು ಕುಡಿಯುವುದೆಷ್ಟು ಎಂದು ಕೂಡಿ ಕಳೆದರು. ಯಾರ ಮೇಲೂ ಯಾವ ನಿಷೇಧವನ್ನೂ ಹೇರಲಿಲ್ಲ. ಲೆಕ್ಕವನ್ನು ನೋಡಿದ ಅನೇಕರು ಭತ್ತವನ್ನು ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದರು.

ಮುಳಬಾಗಿಲಿನ ಆ ಹಳ್ಳಿಯಲ್ಲಿ, ಬಾವಿ ಕೊರೆದ ರಾತ್ರಿ ಕಳೆದು ಬೆಳಗಾದಾಗ, ಡೇರಿಯ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬರ ಹಾಲನ್ನೂ ಅಳೆದು, ಜಿಡ್ಡಿನ ಅಂಶವನ್ನು ದಶಮಾಂಶದವರೆಗೂ ನೋಡಿ, ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಒಂದು ಗುರುತು ಹೆಚ್ಚುಕಡಿಮೆಯಾದರೆ ಅಲ್ಲೇ ಕೇಳುವವರಿದ್ದರು. ದಿನಕ್ಕೆ ಎರಡು ಬಾರಿ ಹೀಗೆ ಅಳೆದು ಬರೆದು ಬಲ್ಲ ಆ ಊರಿಗೆ ಬಾವಿಯ ಮಟ್ಟವನ್ನು ವಾರಕ್ಕೊಮ್ಮೆ ಬರೆಯುವುದು ಹೊಸ ವಿದ್ಯೆಯೇನೂ ಆಗಲಾರದು. ಅದಕ್ಕೆ ಬೇಕಾದ ಬಾವಿಗಳನ್ನೂ ಹೊಸದಾಗಿ ಕೊರೆಯಬೇಕಾಗಿಲ್ಲ. ಚಪ್ಪಡಿ ಹೊದ್ದ ನಾಲ್ಕು ಆ ಒಂದು ಹೊಲದಲ್ಲಿಯೇ ಇವೆ. ಐದನೆಯದೂ ಸಾವಿರದ ನಲವತ್ತು ಅಡಿಗೆ ನಿಂತಿತು, ನೀರು ಬರಲಿಲ್ಲ.