ನಗುವಿನ ಮೊನೆ ಯಾರ ಕಡೆಗೆ?

ಪಂಚಾಯತ್ ಚುನಾವಣೆ ಸಮೀಪಿಸಿದಾಗಲೆಲ್ಲ ಅಳದಂಗಡಿಯಂಥ ಪೇಟೆಗಳಲ್ಲಿ ಒಂದು ನಗೆಮಾತು ಕೇಳಿಬರುತ್ತದೆ: ಸ್ಪರ್ಧಿಸುವವಳು ಹೆಂಡತಿ, ಗೆಲ್ಲುವವನು ಗಂಡ. ಕರ್ನಾಟಕವು 2010ರಲ್ಲಿ ಪಂಚಾಯತ್ ಸ್ಥಾನಗಳ ಅರ್ಧಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟ ಮೇಲೂ ಈ ಮಾತು ಸವೆದಿಲ್ಲ. ವಿಚಿತ್ರವೆಂದರೆ, ಕೇಳಿದವರು ಆಕೆಯನ್ನು ನೆನೆದು ನಗುತ್ತಾರೆಯೇ ಹೊರತು ಕುರ್ಚಿ ಕಸಿದುಕೊಂಡವನನ್ನಲ್ಲ.

ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು ಎದುರಿಸಿದ್ದೂ ಇದೇ ನಗುವನ್ನು. ಬ್ರಿಟನ್ನಿನ ವ್ಯಂಗ್ಯಚಿತ್ರಗಳು ಅವರನ್ನು ಕುರೂಪಿಗಳೆಂದೂ ಮನೆಮುರುಕರೆಂದೂ ಬಿಂಬಿಸಿದವು. ಅವರು ಆ ಅಸ್ತ್ರವನ್ನೇ ಕಿತ್ತುಕೊಂಡರು. ಮಹಿಳೆಯರನ್ನು ಪುರುಷರು ಪೋಷಿಸುತ್ತಿರುವಾಗ ಅವರಿಗೆ ಮತವೇಕೆ ಎಂಬುದು ವಿರೋಧಿಗಳ ವಾದವಾಗಿತ್ತು. 1909ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ‘ಹೌ ದ ವೋಟ್ ವಾಸ್ ವನ್’ ನಾಟಕದಲ್ಲಿ ದುಡಿಯುವ ಮಹಿಳೆಯರೆಲ್ಲ ಕೆಲಸ ಬಿಟ್ಟು, ‘ಹಾಗಾದರೆ ಪೋಷಿಸಿ’ ಎಂದು ಹತ್ತಿರದ ಗಂಡು ಬಂಧುವಿನ ಮನೆ ಸೇರುತ್ತಾರೆ. ಕಂಗೆಟ್ಟ ಗಂಡಸರೇ ಮಹಿಳೆಯರಿಗೆ ಮತ ಕೊಡಿರೆಂದು ಪಾರ್ಲಿಮೆಂಟಿಗೆ ಓಡುತ್ತಾರೆ.

ಇದಕ್ಕಿಂತ ಮೊದಲೇ, 1905ರಲ್ಲಿ, ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝಿನ್’ನಲ್ಲಿ ಬಂಗಾಳದ ಬೇಗಂ ರೊಕೆಯಾ ಸಖಾವತ್ ಹುಸೈನ್ ‘ಸುಲ್ತಾನಾಸ್ ಡ್ರೀಮ್’ ಬರೆದಿದ್ದರು. ಅಲ್ಲಿ ರಾಜ್ಯವಾಳುವವರು ಮಹಿಳೆಯರು; ಪುರುಷರು ಮರ್ದಾನಾದೊಳಗೆ ಅಡುಗೆ, ಮಕ್ಕಳ ಪಾಲನೆಯಲ್ಲಿದ್ದಾರೆ. ತೊಂದರೆ ಕೊಡಬಲ್ಲವರನ್ನು ಹೊರಗೆ ಬಿಟ್ಟು ನಿರಪರಾಧಿಗಳನ್ನು ಕೂಡಿಹಾಕುವುದು ಯಾವ ನ್ಯಾಯ ಎಂಬುದು ಆ ಕಥೆಯ ಪ್ರಶ್ನೆ.

ವ್ಯಂಗ್ಯವೊಂದರಿಂದಲೇ ಮತದ ಹಕ್ಕು ದೊರೆಯಿತೆಂದು ನಾವು ಹೇಳುವುದಿಲ್ಲ. 1917ರಲ್ಲಿ ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಕಂಡ ಸರೋಜಿನಿ ನಾಯ್ಡು ನೇತೃತ್ವದ ನಿಯೋಗದಲ್ಲಿ ಬೇಗಂ ಹಸ್ರತ್ ಮೊಹಾನಿಯೂ ಇದ್ದರು. ಇಂಥ ಮನವಿಗಳ ಫಲವಾಗಿ 1921ರಲ್ಲಿ ಮದ್ರಾಸ್ ಪ್ರಾಂತ್ಯವು ಮಹಿಳೆಯರಿಗೆ, ಆಸ್ತಿಯ ಷರತ್ತಿನೊಂದಿಗೆ, ಮತ ನೀಡಿತು. ನಮ್ಮ ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದ ಭಾಗ. ಅದೇ ವರ್ಷ ಅದನ್ನು ತಿರಸ್ಕರಿಸಿದ ಬಂಗಾಳ ಒಪ್ಪಿದ್ದು 1925ರಲ್ಲಿ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ವ್ಯಂಗ್ಯ ಮಾಡಿದ ಕೆಲಸ ಬೇರೆ: ವಿರೋಧಿಯು ತನ್ನ ವಾದವನ್ನು ಗಟ್ಟಿಯಾಗಿ ಹೇಳಲು ನಾಚುವಂತೆ ಮಾಡಿತು.

ಅಪಹಾಸ್ಯ ನಿಷಿದ್ಧವಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಅಲ್ ಹುಜುರಾತ್ ಅಧ್ಯಾಯದ 11ನೇ ವಚನವು ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕವಾಗಿಯೇ ಅದನ್ನು ನಿಷೇಧಿಸಿದೆ. ರೊಕೆಯಾ ಗೇಲಿ ಮಾಡಿದ್ದು ಒಂದು ಅನ್ಯಾಯದ ತರ್ಕವನ್ನು. ನಮ್ಮ ಪೇಟೆಯ ನಗೆಮಾತು ಗೇಲಿ ಮಾಡುವುದು ಮೈಕಿನ ಮುಂದೆ ಮೊದಲ ಬಾರಿ ನಿಂತು ತಡವರಿಸುವ ಸಹೋದರಿಯನ್ನು. ವಚನದ ಆಕ್ಷೇಪ ಯಾವುದಕ್ಕೆ ತಗಲುತ್ತದೆಂದು ವಿವರಿಸಬೇಕಿಲ್ಲ.

ಮುಂದಿನ ಚುನಾವಣೆಯಲ್ಲಿ ಪತ್ನಿಯ ಪರವಾಗಿ ಬೆಂಬಲ ಕೇಳಲು ಬರುವ ಗಂಡನನ್ನು ಊರ ಪ್ರಮುಖರು ಮನೆಗೆ ಕಳುಹಿಸಲಿ. ರಸ್ತೆ, ನೀರು, ಶಾಲೆಯ ಬಗ್ಗೆ ಅಭ್ಯರ್ಥಿಯೊಂದಿಗೇ ಮಾತಾಡಲಿ.