ಮಾಘದ ಬಿಸಿಲು, ಆಷಾಢದ ಕಾರು

ಕಳೆದ ಆಷಾಢದಲ್ಲಿ ಶೃಂಗೇರಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಭಾವನ ಹೊಸ ಎಲೆಕ್ಟ್ರಿಕ್ ಕಾರು, ಕೊಟ್ಟಿಗೆಯ ಶೀಟಿನ ಮೇಲೆ ಮೂರು ಕಿಲೋವ್ಯಾಟಿನ ಸೋಲಾರ್. ಎರಡು ದಿನದ ಹಿಂದಿನ ಗಾಳಿಗೆ ಮರ ಬಿದ್ದು ಲೈನು ತುಂಡಾಗಿತ್ತು. ಕಾರಿನಲ್ಲಿ ಉಳಿದದ್ದು ಹನ್ನೆರಡು ಪರ್ಸೆಂಟ್. ಮರುದಿನ ಅಕ್ಕನ ಅತ್ತೆಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು.

'ಮಾಡಿನ ಮೇಲೆ ಇಷ್ಟು ಪ್ಯಾನಲ್ ಇದೆಯಲ್ಲ ಭಾವ, ಅದರಿಂದಲೇ ಚಾರ್ಜ್ ಹಾಕಬಹುದಲ್ಲ?' ಎಂದೆ.

'ಅದು ಕರೆಂಟ್ ಇದ್ರೆ ಮಾತ್ರ ಕರೆಂಟ್ ಕೊಡೂದು ಮಾರಾಯ' ಎಂದರು ಭಾವ.

ಕೊನೆಗೆ ಪೇಟೆಯಿಂದ ಡೀಸೆಲ್ ಜೀಪು ಬಾಡಿಗೆಗೆ ಬಂತು. ನಮ್ಮ ಫೋನುಗಳನ್ನು ಚಾರ್ಜ್ ಮಾಡಿಕೊಂಡಿದ್ದು ಮೇಲಿನ ಮನೆಯಲ್ಲಿ. ಅವರ ತೋಟದ ತಲೆಯಲ್ಲಿ ಹಳ್ಳದ ನೀರಿಗೆ ಕೂರಿಸಿದ ಹಳೇ ಪುಟ್ಟ ಟರ್ಬೈನು ಆ ಮಳೆಯಲ್ಲೂ ತಿರುಗುತ್ತಲೇ ಇತ್ತು.

ಭಾವನ ಮಾತು ತಮಾಷೆಯಲ್ಲ, ಅದು ಅಪ್ಪಟ ತಾಂತ್ರಿಕ ಸತ್ಯ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಲೈನು ಸತ್ತ ಕೂಡಲೇ ತಾನೂ ಬಂದ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ಮಳೆಯಲ್ಲಿ ಕಂಬ ಹತ್ತಿ ತಂತಿ ಕಟ್ಟುವ ಲೈನ್‌ಮನ್ ಜೀವಕ್ಕೆ ಅಪಾಯ. ಹಾಗಾಗಿ ನನ್ನ ತಕರಾರು ಆ ಯಂತ್ರದ ಮೇಲಲ್ಲ. 'ನಿಮ್ಮ ಮನೆ, ನಿಮ್ಮ ಸೂರ್ಯ, ನಿಮ್ಮ ಕಾರು, ಇನ್ನು ಯಾರ ಹಂಗೂ ಇಲ್ಲ' ಎಂದು ಮಲೆನಾಡಿನವರಿಗೂ ಮಾರುತ್ತಿರುವ ಸ್ವಾವಲಂಬನೆಯ ಕತೆಯ ಮೇಲೆ.

ನಾನು ಪೆಟ್ರೋಲಿನ ವಕೀಲನಲ್ಲ. ನನ್ನದೂ ಎಲೆಕ್ಟ್ರಿಕ್ ಸ್ಕೂಟರೇ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ನಲವತ್ತು ಯೂನಿಟ್ ಬೇಕು, ಅಂದರೆ ಮುನ್ನೂರು ರೂಪಾಯಿಯ ಒಳಗೆ. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರ್ ಎರಡು ಸಾವಿರಕ್ಕೂ ಮಿಕ್ಕಿ ಕುಡಿಯುತ್ತದೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗಕ್ಕೆ ಸಿಕ್ಕಿ ಅಡಿಕೆ ತೋಟಗಳು ಬರಿದಾಗುತ್ತಿರುವ ಈ ಸೀಮೆಯಲ್ಲಿ ಆ ಉಳಿತಾಯ ಸಣ್ಣದಲ್ಲ. ವಿದ್ಯುತ್ ಬಂಡಿ ನಮಗೆ ಬೇಕು. ಬೇಡವಾಗಿರುವುದು ಅದರ ಜೊತೆಗೆ ಬರುತ್ತಿರುವ ಸುಳ್ಳು ಲೆಕ್ಕ.

ಬಿಸಿಲಿನ ಲೆಕ್ಕವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವುವವನಿಗೆ ಗುಡ್ಡದ ನೆರಳು ಎಷ್ಟು ಗಂಟೆಗೆ ಸರಿಯುತ್ತದೆ, ಸಂಜೆ ಎಷ್ಟಕ್ಕೆ ಮರಳುತ್ತದೆ ಎಂಬುದು ಗೊತ್ತು. ಆ ಲೆಕ್ಕದಲ್ಲೇ ನೋಡೋಣ. ಮಾಘದ ಒಂದು ಒಳ್ಳೆಯ ದಿನ ಮೂರು ಕಿಲೋವ್ಯಾಟಿನ ಪ್ಯಾನಲ್ ಹನ್ನೆರಡು ಯೂನಿಟ್ ಕೊಡುತ್ತದೆ. ಒಂದು ಯೂನಿಟ್‌ಗೆ ಕಾರು ಆರೇಳು ಕಿಲೋಮೀಟರ್ ಓಡುತ್ತದೆ ಎಂದರೂ ಎಪ್ಪತ್ತೆಂಬತ್ತು ಕಿಲೋಮೀಟರ್ ಆಯಿತು. ಭೇಷ್. ಆದರೆ ಆಷಾಢದಲ್ಲಿ ಮೋಡ ಅಂಗಳಕ್ಕೇ ಇಳಿದ ದಿನ ಅದೇ ಪ್ಯಾನಲ್ ಮೂರು ಯೂನಿಟ್ ಕೊಟ್ಟರೆ ದೊಡ್ಡದು. ಅಷ್ಟರಲ್ಲಿ ಶೃಂಗೇರಿಯಿಂದ ಕೊಪ್ಪಕ್ಕೆ ಹೋಗಿ ವಾಪಸ್ ಬರಲಿಕ್ಕೂ ಆಗುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆ ಇಲ್ಲೇ ಪಕ್ಕದಲ್ಲಿದೆ. ಇಲ್ಲಿಯ ಮಳೆಗಾಲ ವರ್ಷದ ಮೂರನೇ ಒಂದು ಪಾಲು.

ಇನ್ನೊಂದು ಮಾತು. ಹಗಲಿಡೀ ಕಾರು ಪೇಟೆಯಲ್ಲಿರುತ್ತದೆ, ಚಾರ್ಜ್ ಆಗುವುದು ರಾತ್ರಿ. ರಾತ್ರಿ ಸೂರ್ಯನಿಲ್ಲ. ಹಗಲು ಲೈನಿಗೆ ಕೊಟ್ಟದ್ದನ್ನು ರಾತ್ರಿ ಲೈನಿನಿಂದ ಪಡೆಯುತ್ತೇವೆ. ಈ ಕೊಡುಕೊಳ್ಳುವಿಕೆಯ ಹೆಸರೇ ನೆಟ್ ಮೀಟರಿಂಗ್. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಲೈನು, ಆ ಟ್ರಾನ್ಸ್‌ಫಾರ್ಮರ್, ಆ ಲೈನ್‌ಮನ್ ಎಲ್ಲರಿಗೂ ಸೇರಿದ್ದು. ಪ್ಯಾನಲ್ ಹಾಕಿದವನು ಎಲ್ಲರಿಗಿಂತ ಹೆಚ್ಚು ಆ ಲೈನಿನ ಹಂಗಿನಲ್ಲಿದ್ದಾನೆ. ಹದಿನೈದು ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದ ಒಂದು ಕಾರು ಮೂರು ಕಿಲೋವ್ಯಾಟ್‌ವರೆಗೆ ಎಳೆಯುತ್ತದೆ. ಲೈನಿನ ಕೊನೆಯ ಕಂಬದ ಮನೆಗಳಲ್ಲಿ ಸಂಜೆ ಮಿಕ್ಸಿ ತಿರುಗಲೂ ವೋಲ್ಟೇಜ್ ಸಾಲದು. ಅಂಥ ಲೈನಿನಲ್ಲಿ ಇಂಥ ನಾಲ್ಕು ಕಾರು ಸೇರಿದರೆ ಕೆಳಗಿನ ಮನೆಯ ಬಲ್ಬು ಏನಾಗಬೇಕು? ಸ್ವಾವಲಂಬನೆಯ ಕತೆಯಲ್ಲಿ ಈ ಕೆಳಗಿನ ಮನೆ ಬರುವುದೇ ಇಲ್ಲ.

2024ರ ಫೆಬ್ರವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಗ್ರಿಡ್‌ಗೆ ಜೋಡಿಸಿದ ಸೋಲಾರಿಗೆ. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ. ಕರೆಂಟು ಹೋಗದ ಊರಿಗೆ ಅದು ಸರಿ. ಗಾಳಿ ಬೀಸಿದರೆ ದಿನಗಟ್ಟಲೆ ಕತ್ತಲಾಗುವ ಊರಿಗೂ ಅದೇ ಅಳತೆ. ಇದೇ ಯೋಜನೆಯಲ್ಲಿ ವಸತಿ ಸಂಘಗಳು ತಮ್ಮ ಸಾಮೂಹಿಕ ಸೌಲಭ್ಯಕ್ಕೆ, ವಾಹನ ಚಾರ್ಜಿಂಗೂ ಸೇರಿದಂತೆ, ಕಿಲೋವ್ಯಾಟಿಗೆ 18,000 ರೂಪಾಯಿ ಪಡೆಯಬಹುದು. ಅಪಾರ್ಟ್‌ಮೆಂಟಿನವರು ಒಟ್ಟಾಗಿ ಬದುಕುತ್ತಾರೆ ಎಂಬುದು ಯೋಜನೆ ಬರೆದವರಿಗೆ ಗೊತ್ತಿದೆ. ಹಳ್ಳಿಗೆಂದು ಇಟ್ಟದ್ದು 'ಮಾದರಿ ಸೌರ ಗ್ರಾಮ'ದ ಸ್ಪರ್ಧೆ: ಜಿಲ್ಲೆಗೊಂದು ಊರು, ಗೆದ್ದರೆ ಒಂದು ಕೋಟಿ. ಸ್ಪರ್ಧೆಗಿಳಿಯಲು ನಮ್ಮಂಥ ರಾಜ್ಯದಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಜನರಿರಬೇಕು. ಗುಡ್ಡಕ್ಕೊಂದು, ಗದ್ದೆಬಯಲಿಗೆರಡು ಮನೆಯಿರುವ ನಮ್ಮ ಊರುಗಳು ಆ ಸ್ಪರ್ಧೆಯ ಬಾಗಿಲಿಗೂ ಹೋಗಲಾರವು.

ಇದರ ಮತ್ತೊಂದು ಮುಖ ಇನ್ನೂ ಕಠೋರ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಹಗಲಿನ ಅಂಥ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕು. ಎಲ್ಲಿ? ಶರಾವತಿ ಕಣಿವೆಯಲ್ಲಿ. ಸಿಂಗಳೀಕಗಳ ಅಭಯಾರಣ್ಯದೊಳಗೆ ಸುರಂಗ ಕೊರೆದು, ಗೇರುಸೊಪ್ಪೆಯಿಂದ ತಲಕಳಲೆಗೆ ನೀರೆತ್ತಿ ಇಳಿಸುವ 2,000 ಮೆಗಾವ್ಯಾಟಿನ ಭೂಗತ ಯೋಜನೆ ಅದಕ್ಕಾಗಿಯೇ. ಲಿಂಗನಮಕ್ಕಿಗೆ ಊರು ಬಿಟ್ಟವರು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿನ ಬ್ಯಾಟರಿಗೆ ಮಲೆನಾಡಿನ ಕಾಡು ಬೇಕು, ಮಲೆನಾಡಿನ ಮನೆಗೆ ಮಾತ್ರ ಬ್ಯಾಟರಿ ಬೇಡ! ಇದನ್ನು ಹಸಿರು ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

'ಹಾಗಾದರೆ ಏನು ಮಾಡಬೇಕು ಹೇಳಿ' ಎಂದು ನೀವು ಕೇಳುತ್ತೀರಿ. ಕೇಳಬೇಕು.

ಮೊದಲು ಬಸ್ಸು. ಕೊಪ್ಪದ 'ಸಹಕಾರ ಸಾರಿಗೆ'ಯನ್ನು ನೆನಪಿಸಿಕೊಳ್ಳಿ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಬಸ್ ಸಂಸ್ಥೆ ಅದು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳೇ ಮಾಲೀಕರು. 2020ರಲ್ಲಿ ಅದು ನಿಂತಿತು. ಬೆನ್ನು ಮುರಿದ ಕಾರಣಗಳಲ್ಲಿ ಡೀಸೆಲ್ ಬೆಲೆಯೂ ಒಂದು. ಅದು ನಿಂತ ಮೇಲೆ ಸ್ಕೂಟರ್ ಕೊಳ್ಳಬಲ್ಲವರು ಕೊಂಡರು, ಕೊಳ್ಳಲಾಗದವರು ರಸ್ತೆಬದಿಯಲ್ಲಿ ಕೈ ಚಾಚಿ ನಿಂತರು. ಖಾಸಗಿ ಬಸ್ಸುಗಳನ್ನೇ ನಂಬಿದ ಇಲ್ಲಿಯ ದಾರಿಗಳಲ್ಲಿ ಹೆಂಗಸರ ಉಚಿತ ಪ್ರಯಾಣದ 'ಶಕ್ತಿ'ಯೂ ಹೆಚ್ಚು ಕೆಲಸಕ್ಕೆ ಬಾರದು. ಘಾಟಿಯಲ್ಲಿ ಎಲೆಕ್ಟ್ರಿಕ್ ಬಸ್ ಹತ್ತೀತೇ ಎಂದು ಅನುಮಾನಿಸುವವರು ತಿರುಪತಿಗೆ ಹೋಗಿ ನೋಡಲಿ, ತಿರುಮಲ ಬೆಟ್ಟಕ್ಕೆ 2022ರಿಂದ ಅವು ಓಡುತ್ತಿವೆ. ಕಾರುಗಳಿಗೆ ತೆರಿಗೆ ಬಿಟ್ಟುಕೊಟ್ಟ ಸರ್ಕಾರ ನಲವತ್ತು ಜನರ ಒಂದು ಬಸ್ಸಿಗೆ ಯಾಕೆ ದುಡ್ಡು ಹಾಕಬಾರದು?

ಎರಡನೆಯದು ಸಾಮೂಹಿಕ ಚಾರ್ಜಿಂಗ್. ಸೊಸೈಟಿ ಗೋದಾಮು, ಶಾಲೆ, ಪಂಚಾಯಿತಿ ಕಟ್ಟಡ ಇವುಗಳ ಮೇಲೆ ಪ್ಯಾನಲ್, ಒಳಗೆ ಬ್ಯಾಟರಿ, ಹೊರಗೆ ಚಾರ್ಜ್ ಪಾಯಿಂಟು. ಲೈನು ಹೋದರೂ ಊರಿನ ಒಂದು ವಾಹನವಾದರೂ ಆಸ್ಪತ್ರೆಗೆ ಹೋಗುವಷ್ಟು ಅಲ್ಲಿ ಉಳಿದಿರಬೇಕು. ಸ್ವಂತ ಮಾಡಿಲ್ಲದ ಕೂಲಿಲೈನಿನವನೂ ತನ್ನ ಸ್ಕೂಟರನ್ನು ಅಲ್ಲಿ ಸಿಕ್ಕಿಸಬೇಕು. ಇದು ಕನಸಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಸಹಕಾರಿ ಸಂಘ ಹಳ್ಳಿಗಳಿಗೆ ವಿದ್ಯುತ್ತನ್ನೇ ಹಂಚಿದೆ.

ಮೂರನೆಯದು ನೀರು. ಬಿಸಿಲು ಹೋದಾಗ ಇಲ್ಲಿ ಹಳ್ಳ ತುಂಬುತ್ತದೆ. ಅಡಿಕೆ ದಂಬೆಯಲ್ಲಿ ಅಬ್ಬಿ ನೀರನ್ನು ಮನೆಬಾಗಿಲಿಗೆ ತಂದವರು ನಾವು. ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನು ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ ಇಪ್ಪತ್ನಾಲ್ಕು ಯೂನಿಟ್. ಆಷಾಢದಲ್ಲಿ ಭಾವನ ಮೂರು ಕಿಲೋವ್ಯಾಟ್ ಸೋಲಾರ್ ಕೊಡುವುದರ ಎಂಟು ಪಟ್ಟು. ಅಣೆಕಟ್ಟಿಲ್ಲ, ಮುಳುಗಡೆಯಿಲ್ಲ, ತಿರುಗಿಸಿದ ನೀರು ಮತ್ತೆ ಹಳ್ಳಕ್ಕೇ. ಬೇಸಿಗೆಗೆ ಸೂರ್ಯ, ಮಳೆಗಾಲಕ್ಕೆ ಹಳ್ಳ. ಇವೆರಡನ್ನೂ ಒಂದೇ ಬ್ಯಾಟರಿಗೆ ಕಟ್ಟುವ ಯೋಜನೆ ಬರಲಿ, ಆಗ ಅದನ್ನು ಮಲೆನಾಡಿನ ಯೋಜನೆ ಎಂದು ಕರೆಯೋಣ.

ಮೂರನೇ ದಿನ ಸಂಜೆ, ಮಳೆಯಲ್ಲಿ ತೊಯ್ದು ತೊಪ್ಪೆಯಾದ ಇಬ್ಬರು ಲೈನ್‌ಮನ್‌ಗಳು ಕರೆಂಟು ತಂದರು. ಅಕ್ಕ ಅವರನ್ನು ಜಗಲಿಯಲ್ಲಿ ಕೂರಿಸಿ ಬಿಸಿ ಕಷಾಯ ಕೊಟ್ಟಳು. ಮಾಡಿನ ಮೇಲಿನ ಇನ್ವರ್ಟರಿಗೂ ಜೀವ ಬಂತು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಭಾವ ಛತ್ರಿ ಹಿಡಿದು ಹೋಗಿ ಕಾರನ್ನು ಚಾರ್ಜಿಗೆ ಹಾಕಿ ಬಂದರು. ಸೂರ್ಯನ ಕಾರು ಆ ರಾತ್ರಿ ತುಂಬಿಕೊಂಡಿದ್ದು ಆ ಇಬ್ಬರು ಜೋಡಿಸಿದ ತಂತಿಯಿಂದ.