ಆಸ್ಥಾನ ಇತಿಹಾಸಕಾರ ಎಂಬ ಬೈಗುಳ

'ಆಸ್ಥಾನ ಇತಿಹಾಸಕಾರ' ಎಂಬುದು ನಮ್ಮ ಚರ್ಚೆಗಳಲ್ಲಿ ಈಗ ಬೈಗುಳವಾಗಿದೆ. ಮಧ್ಯಕಾಲದ ಪರ್ಷಿಯನ್ ಚರಿತ್ರೆಗಳ ವಿಷಯ ಬಂದಾಗಲಂತೂ ಇದರ ಬಳಕೆ ಬಹಳ ಸಲೀಸು. ನಮ್ಮ ವಾದಕ್ಕೆ ಒದಗಿದರೆ 'ಅವರೇ ಬರೆದುಕೊಂಡಿದ್ದಾರೆ ನೋಡಿ' ಎನ್ನುತ್ತೇವೆ. ಒದಗದಿದ್ದರೆ 'ಅನ್ನದ ಋಣಕ್ಕೆ ಬರೆದದ್ದು' ಎನ್ನುತ್ತೇವೆ. ಎರಡೂ ಪುಸ್ತಕವನ್ನು ಓದದೆ ಪಾರಾಗುವ ದಾರಿಗಳೇ.

ಇದಕ್ಕೆ ಉತ್ತರವಾಗಿ ನಾನು ಅಬುಲ್ ಫಜಲ್ ಬೈಹಖಿಯನ್ನು ಮುಂದಿಡುತ್ತೇನೆ. ಈತ ಅಕ್ಬರನ ಅಬುಲ್ ಫಜಲ್ ಅಲ್ಲ, ಅವನಿಗಿಂತ ಐದು ಶತಮಾನ ಹಿಂದಿನವನು. 995ರಲ್ಲಿ ಖೊರಾಸಾನಿನಲ್ಲಿ ಹುಟ್ಟಿ, ಘಜ್ನಿಯ ಅರಮನೆಯ ಪತ್ರವ್ಯವಹಾರದ ಕಚೇರಿಯಲ್ಲಿ ಮಹಮೂದನ ಕಾಲದಿಂದಲೂ ದುಡಿದವನು. ಮಹಮೂದನ ಮಗ ಮಸೂದನ ಆಳ್ವಿಕೆಯ ಚರಿತ್ರೆಯನ್ನು ಬರೆದದ್ದು ಇಳಿವಯಸ್ಸಿನಲ್ಲಿ. ಆಗ ಸಿಂಹಾಸನದ ಮೇಲಿದ್ದವರು ಮಸೂದನ ಮಕ್ಕಳೇ.

ಆ ಮಕ್ಕಳ ಆಳ್ವಿಕೆಯಲ್ಲೇ ಅವನು ಹಸನಕ್‌ನ ಕೊಲೆಯನ್ನು ದಾಖಲಿಸಿದ. ಹಸನಕ್ ಮಹಮೂದನ ವಜೀರ. ಪಟ್ಟದ ಪೈಪೋಟಿಯಲ್ಲಿ ಮಸೂದನ ತಮ್ಮನ ಪರ ನಿಂತಿದ್ದವನು. ಹಜ್‌ನಿಂದ ಮರಳುವಾಗ ಈಜಿಪ್ಟಿನ ಫಾತಿಮಿ ಖಲೀಫನಿಂದ ಉಡುಗೊರೆಯ ನಿಲುವಂಗಿ ಪಡೆದನೆಂಬುದನ್ನು ನೆಪವಾಗಿಸಿ, ಧರ್ಮದ್ರೋಹದ ಆರೋಪ ಹೊರಿಸಿ, 1032ರಲ್ಲಿ ಬಲ್ಖ್ ನಗರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕಲ್ಲು ಹೊಡೆಯಿರಿ ಎಂದು ಆಜ್ಞೆಯಾದರೂ ಜನ ಕೈ ಎತ್ತಲಿಲ್ಲ, ಅಳುತ್ತಿದ್ದರು. ಕೊನೆಗೆ ಕೆಲವು ಪುಂಡರಿಗೆ ಬೆಳ್ಳಿ ನಾಣ್ಯ ಕೊಟ್ಟು ಹೊಡೆಸಿದರು. ಅಷ್ಟರಲ್ಲಿ ಕುಣಿಕೆ ಅವನ ಉಸಿರು ನಿಲ್ಲಿಸಿತ್ತು. ಹೆಣ ಏಳು ವರ್ಷ ಕಂಬದ ಮೇಲಿತ್ತು. ಇದೆಲ್ಲ ನಮಗೆ ತಿಳಿದಿರುವುದು ಬೈಹಖಿಯಿಂದ. ಹಣ ಕೊಟ್ಟು ಕಲ್ಲು ಹೊಡೆಸಿದ್ದನ್ನು ಬರೆದವನು ಯಾವ ಬಗೆಯ ಹೊಗಳುಭಟ್ಟ?

ಕೊಲೆಗೆ ಹಟ ಹಿಡಿದ ಅಧಿಕಾರಿ ಬೂ ಸಹಲ್‌ನಿಂದ ಬೈಹಖಿಗೂ ಕೆಡುಕಾಗಿತ್ತು. ಅದನ್ನು ಅವನು ಓದುಗರಿಂದ ಮುಚ್ಚಿಡುವುದಿಲ್ಲ. ಆದರೂ ಅವನ ವಿದ್ವತ್ತನ್ನು ಒಪ್ಪಿಕೊಂಡೇ ಕೇಡಿಗತನವನ್ನು ಹೇಳುತ್ತಾನೆ. 1040ರ ದಂದಾನಖಾನ್ ಕದನದಲ್ಲಿ ಸೆಲ್ಜುಕರ ಎದುರು ಮಸೂದನ ಸೈನ್ಯ ಚೂರಾದಾಗ ಬೈಹಖಿ ಆ ದಂಡಿನಲ್ಲೇ ಇದ್ದ. ಹಿತವಚನ ಕೇಳದ ದೊರೆಯ ಹಟವನ್ನೂ ಬರೆದ.

ಹಾಗೆಂದು ಬೈಹಖಿ ಬಂಡಾಯಗಾರನಲ್ಲ. ರಾಜತ್ವ ದೇವರು ಕೊಟ್ಟದ್ದೆಂದೇ ನಂಬಿದ್ದವನು. ದೊರೆಯ ತಪ್ಪನ್ನು ವಿಧಿಯ ತಲೆಗೆ ಕಟ್ಟುವುದೂ ಉಂಟು. ಈ ಮಿತಿಯನ್ನು ಗುರುತಿಸಲೇಬೇಕು. ಆದರೆ ಗುರುತಿಸಲಿಕ್ಕೂ ಓದಬೇಕಲ್ಲ! ಅವನು ಆಸ್ಥಾನದಲ್ಲಿದ್ದ ಕಾರಣಕ್ಕೇ ಪತ್ರಗಳ ನಕಲು ಅವನ ಕೈಗೆ ಸಿಕ್ಕವು, ಮುಚ್ಚಿದ ಬಾಗಿಲ ಹಿಂದಿನ ಮಾತು ಕಿವಿಗೆ ಬಿತ್ತು. ಕೂಡಿಟ್ಟ ಕಾಗದಗಳನ್ನು ಬೇಕೆಂದೇ ನಾಶಮಾಡಿದರೆಂದು ಅವನೇ ಮರುಗಿದ್ದಾನೆ. ಬರೆದದ್ದರಲ್ಲೂ ಉಳಿದಿರುವುದು ಒಂದು ಪಾಲು ಮಾತ್ರ.

ಸಂಬಳ ಯಾರು ಕೊಟ್ಟರು ಎಂಬ ಪ್ರಶ್ನೆ ಬೇಕು. ಆದರೆ ವಿಚಾರಣೆ ಅಲ್ಲಿಗೇ ಮುಗಿದರೆ ಅದು ಇತಿಹಾಸವಲ್ಲ, ಜಾತಕ ನೋಡಿ ಗುಣ ಹೇಳುವ ಕೆಲಸ. ಈತ ಏನನ್ನು ಕಣ್ಣಾರೆ ಕಂಡ, ಯಾರಿಂದ ಕೇಳಿದ, ಬರೆದರೆ ಏನು ಕಳೆದುಕೊಳ್ಳುತ್ತಿದ್ದ ಎಂದೂ ಕೇಳಬೇಕು. ಬೈಹಖಿಯ ಇಂಗ್ಲಿಷ್ ಅನುವಾದ 2011ರಿಂದಲೇ ಲಭ್ಯವಿದೆ. ಪರ್ಷಿಯನ್ ಬಾರದು ಎಂಬ ನೆಪವೂ ಈಗ ನಡೆಯುವುದಿಲ್ಲ.